ಅರ್ಧ ಎಕರೆ ಬಿಳಿಜೋಳ

ರೇಣುಕಾ ಮದುವೆಯಾಗಿ ಹೊಸಹಳ್ಳಿ ಹೋಬಳಿಯ ಆ ಹಳ್ಳಿಗೆ ಬಂದು ಹದಿನಾರು ವರ್ಷವಾಗಿತ್ತು. ಹದಿನಾರು ವರ್ಷವೂ ಅವಳು ಬಿತ್ತಿದ್ದಳು, ಕಳೆ ತೆಗೆದಿದ್ದಳು, ತೆನೆ ಮುರಿದಿದ್ದಳು. ಮಾರಲು ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಅದು ಗಂಡಸರ ಕೆಲಸ ಎಂದು ಅತ್ತೆ ಸುಂಕಮ್ಮ ಮೊದಲ ವರ್ಷವೇ ಹೇಳಿಬಿಟ್ಟಿದ್ದಳು. ಹಿಂದಿನ ವರ್ಷ ಗಂಡ ಗುರುಬಸವರಾಜ ಮೂರು ದಿನ ದಲಾಲಿ ಅಂಗಡಿಯ ಮುಂದೆ ಮಲಗೆದ್ದು ಬಂದಾಗ, ಮನೆಯಲ್ಲಿ ತೂಗಿ ಕಳಿಸಿದ್ದಕ್ಕಿಂತ ಒಂದೂವರೆ ಕ್ವಿಂಟಲ್ ಕಡಿಮೆಯ ಚೀಟಿ ತಂದಿದ್ದ. ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಹಂಗ ತೂಗ್ತಾರ" ಎಂದು ಕೈ ತೊಳೆದು ಉಣ್ಣಲು ಕೂತಿದ್ದ.

ಈ ಸಲ ರೇಣುಕಾ ತಾನೂ ಗಾಡಿ ಹತ್ತಿದಳು.

ಗಾಡಿ ಕೊಟ್ಟೂರಿನ ಕಮಾಲಸಾಬನದು. ಊರೂರು ತಿರುಗಿ ಚೀಲ ಸಾಗಿಸುವವನು, ಮಾತಿನ ಮನುಷ್ಯ. ಮೂವತ್ತೆರಡು ಚೀಲ ಮೆಕ್ಕೆಜೋಳ ಹೇರಿಕೊಂಡು ಪೇಟೆ ಮುಟ್ಟಿದಾಗ ಇನ್ನೂ ಬಿಸಿಲೇರಿರಲಿಲ್ಲ. ದಲಾಲಿ ಅಂಗಡಿಯ ಸಾಹುಕಾರ ಒಂದು ಹಿಡಿ ಕಾಳು ಅಂಗೈಯಲ್ಲಿ ತೂರಿ ನೋಡಿ, "ಇಪ್ಪತ್ತೊಂದು ನೂರು. ಇಳಸ್ರಿ" ಅಂದ. ಹಮಾಲರು ಚೀಲ ಇಳಿಸಿದರು. ಒಬ್ಬ ಮೊನಚು ಕೊಳವೆ ತಂದು ಒಂದೊಂದು ಚೀಲಕ್ಕೂ ಚುಚ್ಚಿ ಕಾಳು ತೆಗೆದ. ಚುಚ್ಚಿದ ತೂತಿನಿಂದ ಸುರಿದದ್ದನ್ನು ಹಿಂದೆಯೇ ಒಬ್ಬಳು ಕಸಬರಿಗೆಯಿಂದ ಗುಡಿಸಿ ಅಂಗಡಿಯ ಬುಟ್ಟಿಗೆ ತುಂಬಿದಳು. ಮೂವತ್ತೆರಡೂ ಇಳಿದು, ಕಮಾಲಸಾಬನ ಗಾಡಿ ಬರಿದಾದ ಮೇಲೆ ಸಾಹುಕಾರ ಮತ್ತೆ ಬಂದು ಒಂದು ಕಾಳು ಹಲ್ಲಿನಲ್ಲಿ ಕಡಿದ.

"ಹಸಿ ಐತಿ. ಹತ್ತೊಂಬತ್ತು ನೂರು."

ಗುರುಬಸವರಾಜ ತಲೆ ಕೆರೆದುಕೊಂಡ. ರೇಣುಕಾ ಮುಂದೆ ಬಂದಳು.

"ಹನ್ನೆಲ್ಡು ದಿನ ಕಣದಾಗ ಒಣಗಿಸೀನ್ರಿ. ಹಸಿ ನೋಡೋ ಮಷಿನ್ ಇರ್ತೈತಂತಲ್ಲ, ಅದರಾಗ ಹಾಕಿ ನೋಡ್ರಿ."

"ಮಷಿನ್ ರಿಪೇರಿಗೆ ಹೋಗೈತಿ."

"ಹಂಗಾರ ಪಕ್ಕದ ಅಂಗ್ಡಿಯಾಗಿಂದು ತರ್ರಿ."

ಸಾಹುಕಾರ ಅವಳ ಕಡೆ ನೋಡಲಿಲ್ಲ. ಗುರುಬಸವರಾಜನಿಗೆ ಹೇಳಿದ: "ಏನಪ್ಪ, ಮನ್ಯಾಗ ಯಜಮಾನ್ರು ಇವ್ರು ಅಂದ್ರ ಇವ್ರನ್ನೇ ಕಳಿಸಬೇಕಿತ್ತು. ನೀ ಯಾಕ ಒಂದು ದಿನ ದಂಡ ಮಾಡ್ಕೊಂಡಿ?"

ಹಮಾಲರು ನಕ್ಕರು. ಗುಡಿಸುತ್ತಿದ್ದವಳೂ ಮುಖ ತಿರುಗಿಸಿಕೊಂಡು ನಕ್ಕಳು. ರೇಣುಕಾ ಗಂಡನ ಬಾಯನ್ನೇ ನೋಡಿದಳು. ಅವನು ನೆಲ ನೋಡುತ್ತ, "ಹಾಕ್ರಿ ಅಣ್ಣಾರ, ತೂಕ ಹಾಕ್ರಿ" ಅಂದ.

ವಾಪಸು ಬರುವಾಗ ಮೂವರೂ ಗಾಡಿಯ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ಕಮಾಲಸಾಬನೇ ಬಾಯಿ ತೆಗೆದ.

"ಹರಪನಳ್ಳಿ ಕಡಿಗೆ, ನೀಲಗುಂದದ ಸುತ್ತಮುತ್ತ ಬೀಜದ ಕಂಪನಿ ಬಂದೈತಿ ನೋಡು ತಂಗಿ. ಬೀಜ ಅವ್ರೇ ಕೊಡ್ತಾರ, ಗೊಬ್ಬರ ಅವ್ರೇ ಕೊಡ್ತಾರ. ಹೊಲಕ್ಕ ಕಾಂಟಾ ತಂದು ತೂಗ್ಯಂಡು ಹೋಗ್ತಾರ. ಪೇಟಿ ಮುಖ ನೋಡಂಗಿಲ್ಲ. ನನಿಗೇ ಆ ಕಡಿ ಬಾಡಿಗಿ ಇಲ್ಲದಂಗ ಆಗೈತಿ."

"ಎದುರಿಗೇ ತೂಗ್ತಾರನ್ರಿ?" ರೇಣುಕಾ ಕೇಳಿದಳು.

"ನಿನ್ನ ಬದುವಿನ ಮ್ಯಾಲೇ."

ಅವಳಿಗೆ ಅಷ್ಟೇ ಸಾಕಾಗಿತ್ತು.

ಸಂಜೆ ಮಾವ ಪಾಲಾಕ್ಷಪ್ಪ ಉಣ್ಣಲು ಕೂತಾಗ ವಿಷಯ ತೆಗೆದಳು. ಅರವತ್ತಾರರ ಪಾಲಾಕ್ಷಪ್ಪ ಮಿತ ಮಾತಿನವನು. ನಾಲ್ಕೂವರೆ ಎಕರೆಯ ಪಹಣಿ ಅವನ ಹೆಸರಲ್ಲೇ ಇತ್ತು. ನಾಲ್ಕು ಎಕರೆಗೆ ಮಗ ಹೇಳಿದ್ದು ಬಿತ್ತಲು ಬಿಟ್ಟಿದ್ದ. ಹಳ್ಳದ ಪಕ್ಕದ ಅರ್ಧ ಎಕರೆ ಎರೆಮಣ್ಣು ಮಾತ್ರ ಅವನದೇ. ಅಲ್ಲಿ ಪ್ರತಿ ಹಿಂಗಾರಿಗೆ ಮನೆಯ ಬಿಳಿಜೋಳ, ಮನೆಯದೇ ಬೀಜ. ವರ್ಷದ ರೊಟ್ಟಿ ಅದರಿಂದಲೇ. ಆ ವರ್ಷವೂ ಸೆಪ್ಟೆಂಬರಿನ ನಡುವೆ ಮಾವ ಕೂರಿಗೆ ಹಿಡಿದಿದ್ದ, ಸೊಸೆ ಬೀಜ ಬಿಟ್ಟಿದ್ದಳು.

"ಆ ಸಾಹುಕಾರ ನನ್ನ ಮಾನ ಕಳದ ಮಾವಾ. ನಿಮ್ಮ ಮಗ ಬಾಯಿ ಬಿಡ್ಲಿಲ್ಲ. ಮುಂದಿನ ವರ್ಷ ನಾ ಆ ಮೆಟ್ಟಲ ತುಳ್ಯಾಕಿ ಅಲ್ಲ."

"ಪೇಟಿ ಅಂದ್ಮ್ಯಾಲೆ ಒಂದು ಮಾತು ಬರ್ತೈತಿ, ಹೋಗ್ತೈತಿ" ಎಂದಳು ಸುಂಕಮ್ಮ ರೊಟ್ಟಿ ಹಾಕುತ್ತ. "ಹೋಗಬ್ಯಾಡಂತ ನಾ ಮೊದಲೇ ಅಂದಿದ್ದೆ."

"ಮಾತು ಹೋಗ್ಲಿ ಅತ್ತಿ. ಕ್ವಿಂಟಲಿಗೆ ಎಲ್ಡು ನೂರು ಹೋತಲ್ಲ, ಅದೂ ಬರ್ತೈತಿ ಹೋಗ್ತೈತೇನು?"

ಪಾಲಾಕ್ಷಪ್ಪ ಪುಂಡಿಪಲ್ಯ ಒರೆಸಿಕೊಂಡು ತಿಂದು ಮುಗಿಸಿದ. "ಆ ಕಂಪನಿಯವ್ರು ಬಂದ್ರ ಕರಿ. ಏನಂತಾರೋ ಕೇಳಾನ" ಅಂದ.

ಬಂದವನ ಹೆಸರು ಬೀರಲಿಂಗೇಶ್. ಇಪ್ಪತ್ತೆಂಟರ ಹುಡುಗ, ಕಂಪನಿಯ ಹೆಸರಿನ ಟೀಶರ್ಟು, ಬೈಕಿನ ಹಿಂದೆ ಕಾಗದದ ಚೀಲ. ಪಾಲಾಕ್ಷಪ್ಪನ ತಮ್ಮ ಬೊಮ್ಮಪ್ಪನ ಮನೆಯ ಮುಂದಿನ ಬೇವಿನ ಕೆಳಗೆ ಸಭೆ ಸೇರಿತು. ರೇಣುಕಾ ಮನೆಮನೆಗೆ ಹೋಗಿ ಹೇಳಿದ್ದರಿಂದ ಹಳ್ಳದ ಆಚೀಚೆ ಹೊಲವಿದ್ದ ಹನ್ನೊಂದು ಮನೆಯವರು ಬಂದಿದ್ದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾಗಿಲ ಪಕ್ಕ.

ಹೈಬ್ರಿಡ್ ಜೋಳದ ಬೀಜ ಬೆಳೆಯುವುದು. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು. ಹೂವಾಡುವ ಹೊತ್ತಿಗೆ ಬೆರಕೆ ಗಿಡಗಳನ್ನೆಲ್ಲ ಕೀಳಬೇಕು. ಹೆಣ್ಣು ಸಾಲಿನ ಕಾಳನ್ನು ಕಂಪನಿ ಕೊಳ್ಳುತ್ತದೆ, ಪೇಟೆಯ ದರಕ್ಕಿಂತ ಎಷ್ಟೋ ಹೆಚ್ಚಿಗೆ. ಬೀರಲಿಂಗೇಶ್ ಚೆನ್ನಾಗಿಯೇ ತಿಳಿಸಿ ಹೇಳಿದ. ಬೊಮ್ಮಪ್ಪನ ಹೆಂಡತಿ ನಾಗಲಿಂಗಮ್ಮ ಬಾಗಿಲಿನಿಂದಲೇ, "ಪೇಟಿಗೆ ಹೋಗಿ ಮೂರು ದಿನ ಕುಡ್ಕೊಂಡು ಬರೋದಾರ ತಪ್ತೈತಿ" ಅಂದಾಗ ಎಲ್ಲರೂ ನಕ್ಕರು, ಬೊಮ್ಮಪ್ಪನನ್ನು ಬಿಟ್ಟು.

"ಒಂದೇ ಮಾತು" ಅಂದ ಬೀರಲಿಂಗೇಶ್. "ಇನ್ನೂರು ಮೀಟರ್ ಒಳಗ ಬ್ಯಾರೆ ಜೋಳ ಇರಬಾರ್ದು. ಅದರ ಹೂವಿನ ಪುಡಿ ಹಾರಿ ಬಂದ್ರ ಬೀಜ ಕೆಡ್ತೈತಿ. ಹನ್ನೊಂದು ಮನಿಯವ್ರೂ ಒಪ್ಪಬೇಕು. ಒಬ್ರು ಇಲ್ಲ ಅಂದ್ರೂ ಈ ಊರಿಗೆ ಇಲ್ಲ."

ಎಲ್ಲರ ಕಣ್ಣೂ ಪಾಲಾಕ್ಷಪ್ಪನ ಕಡೆ ಹೊರಳಿತು. ಅವನ ಬಿಳಿಜೋಳ ಆಗ ಸೊಂಟ ದಾಟಿತ್ತು.

"ತಮ್ಮಾ" ಎಂದ ಪಾಲಾಕ್ಷಪ್ಪ, "ನೀವು ಬಿತ್ತೋದು ದೀಪಾವಳಿ ಆದ ಮ್ಯಾಲೆ. ನಿಮ್ಮದು ಹೂವಾಡೋದು ಸಂಕ್ರಾಂತಿ ಆಚಿಗೆ. ನನ್ನದು ಬರೋ ತಿಂಗಳು ದಾಟಿದ ಕೂಡ್ಲೆ ಹೂ ಮುಗಿಸಿ ಹಾಲುಗಾಳು ಹಿಡಿತೈತಿ. ನನ್ನ ಹೂವಿಗೆ ನಿನ್ನ ಹೂ ಹೆಂಗ ಸಿಗ್ತೈತಿ?"

ಬೀರಲಿಂಗೇಶ್ ಚೀಲದಿಂದ ಫಾರಂ ತೆಗೆದು ತೋರಿಸಿದ. "ನೀವು ಹೇಳೋದು ಖರೇ ಇರಬೌದ್ರಿ ಅಜ್ಜಾರ. ಆದ್ರ ಆಫೀಸಿನ ಫಾರಂನಾಗ ಹೂವಿನ ದಿನ ಕೇಳಂಗಿಲ್ಲ. ಎಷ್ಟು ದೂರ ಅಂತ ಕೇಳ್ತೈತಿ. ಅಷ್ಟ."

"ಫಾರಂಗೆ ಜೋಳ ಗೊತ್ತಿಲ್ಲ ಅಂದ್ರ ನಾ ಏನು ಮಾಡ್ಲಿ? ನಾ ಕಿತ್ತು ಹಾಕಾಂಗಿಲ್ಲ."

ಹೇಳಿ ಎದ್ದುಹೋದ. ರೇಣುಕಾಳಿಗೆ ಮೈ ಉರಿಯಿತು. ಮನೆಗೆ ಬಂದು ಒಲೆ ಮುಂದೆ ಕೂತವಳು ಅತ್ತೆಗೆ ಕೇಳುವಂತೆ, "ಅರ್ಧ ಎಕರೆ ಸಲವಾಗಿ ಎಲ್ಲಾ ಹೋತು" ಅಂದಳು.

"ಆ ಅರ್ಧ ಎಕರೆ ತಿಂದೇ ನಿನ್ನ ಮಕ್ಳು ಬೆಳದಾವ" ಎಂದು ಸುಂಕಮ್ಮ ತಿರುಗಿಸಿದಳು. ರೇಣುಕಾಳ ಇಬ್ಬರು ಹೆಣ್ಣುಮಕ್ಕಳು ಕೂಡ್ಲಿಗಿಯ ಹಾಸ್ಟೆಲ್‌ನಲ್ಲಿ ಓದುತ್ತಿದ್ದರು. ತಿಂಗಳಿಗೊಮ್ಮೆ ಅವರಿಗೆ ಒಣಗಿಸಿದ ಕಟಿರೊಟ್ಟಿ ಕಟ್ಟಿಕೊಂಡು ಹೋಗುವವಳು ಸುಂಕಮ್ಮನೇ.

ಮುಂದಿನ ಎರಡು ವಾರ ಆ ಮನೆಗೆ ಊರು ಬೆನ್ನು ಹಾಕಿತು. ನಳದ ಹತ್ತಿರ ರೇಣುಕಾ ಕೊಡ ಇಟ್ಟರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಮಜ್ಜಿಗೆ ಕೇಳಲು ಬರುತ್ತಿದ್ದ ನಾಗಲಿಂಗಮ್ಮ ಬರುವುದು ಬಿಟ್ಟಳು. ಬೋರು ಅಣ್ಣತಮ್ಮಂದಿರಿಗೆ ಸೇರಿದ್ದು, ಮೋಟರಿನ ಮನೆಯ ಕೀಲಿ ಬೊಮ್ಮಪ್ಪನ ಹತ್ತಿರ. ಹಿಂಗಾರಿ ಮಳೆ ತಡೆದದ್ದರಿಂದ ಬಿಳಿಜೋಳಕ್ಕೆ ಒಂದು ನೀರು ಬೇಕಾಗಿತ್ತು. ಪಾಲಾಕ್ಷಪ್ಪ ಕೀಲಿ ಕೇಳಲು ಹೋದರೆ ಬೊಮ್ಮಪ್ಪ, "ಮೋಟರ್ ಸುಟ್ಟೈತಿ ಅಣ್ಣಾ" ಅಂದ. ಅಂದೇ ಮಧ್ಯಾಹ್ನ ಆ ಮೋಟರಿನ ನೀರು ಬೊಮ್ಮಪ್ಪನ ಈರುಳ್ಳಿ ಮಡಿಗಳಲ್ಲಿ ಹರಿಯುತ್ತಿತ್ತು. ಪಾಲಾಕ್ಷಪ್ಪ ನೋಡಿಕೊಂಡು ಬಂದ. ಜಗಳ ಮಾಡಲಿಲ್ಲ. ಜೋಳದ ಎಲೆ ಸುರುಳಿ ಸುತ್ತತೊಡಗಿದವು.

ರೇಣುಕಾ ಆ ದಿನಗಳಲ್ಲಿ ಮಾವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಗಂಡನ ಮುಂದೆ ಮಾತ್ರ ದಿನಾ ಅದೇ ಮಾತು. "ನಿಮ್ಮಪ್ಪಗ ನೀವಾರ ಹೇಳ್ರಿ. ಎಲ್ಲಾದಕ್ಕೂ ನಾನೇ ಬಾಯಿ ಆಗಬೇಕೇನು?" ಗುರುಬಸವರಾಜ ಹೂಂ ಅನ್ನುತ್ತಿದ್ದ, ಹೊರಗೆ ಹೋಗುತ್ತಿದ್ದ.

ನವೆಂಬರಿನ ಮೊದಲ ಭಾನುವಾರ ಪಾಲಾಕ್ಷಪ್ಪ, ಸುಂಕಮ್ಮ ಹೂವಿನಹಡಗಲಿಗೆ ಹೋದರು. ಸುಂಕಮ್ಮನ ತಂಗಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಅದೇ ದಿನ ಅತ್ತೆಯ ಬದಲಿಗೆ ರೇಣುಕಾ ರೊಟ್ಟಿ ಕಟ್ಟಿಕೊಂಡು ಮಕ್ಕಳನ್ನು ನೋಡಲು ಕೂಡ್ಲಿಗಿಗೆ ಹೋದಳು. ಮನೆಯಲ್ಲಿ ಗುರುಬಸವರಾಜ ಒಬ್ಬನೇ ಉಳಿದ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದ ಪಾಲಾಕ್ಷಪ್ಪ ಚಹಾದ ಹೊತ್ತಿಗೆ ತಿರುಗಿ ಬಂದ. ಅಂಗಳದಲ್ಲಿ ನಿಂತು, "ರೇಣುಕಾ, ಬಾ ಇಲ್ಲಿ. ನೋಡ್ಬಾ" ಅಂದ. ಅವಳು ಹಿಂದೆಯೇ ಹೋದಳು. ಅರ್ಧ ಎಕರೆಯಲ್ಲಿ ಮೊಣಕಾಲೆತ್ತರದ ಮೋಟುಗಳು ನಿಂತಿದ್ದವು. ಎಲೆ, ಸುಳಿ ಒಂದೂ ಇರಲಿಲ್ಲ. ನೆಲದ ತುಂಬ ಕುರಿಯ ಹೆಜ್ಜೆ, ಕುರಿಯ ಹಿಕ್ಕೆ. ಬೇಲಿ ಮುರಿದಿರಲಿಲ್ಲ. ಹೊಲದ ಬಾಯಿಗೆ ಅಡ್ಡ ಹಾಕಿದ್ದ ಮುಳ್ಳನ್ನು ಯಾರೋ ಎತ್ತಿ ಪಕ್ಕಕ್ಕೆ ಅಚ್ಚುಕಟ್ಟಾಗಿ ಇಟ್ಟಿದ್ದರು.

ಜೋಳ ಬೇಡ ಎಂದು ಎರಡು ವಾರ ಕುದಿದವಳು ರೇಣುಕಾ. ಈಗ ಆ ಮೋಟುಗಳ ಮುಂದೆ ನಿಂತಾಗ ಅವಳಿಗೆ ಸಿಟ್ಟು ನೆತ್ತಿಗೇರಿತು. ಬೇಡ ಅನ್ನುವುದು ಬೇರೆ. ಬೆಳೆದು ನಿಂತದ್ದಕ್ಕೆ ದನ ಕುರಿ ನುಗ್ಗಿಸುವುದು ಬೇರೆ. ಇಷ್ಟು ನೀಚತನ ಮಾಡಿದವರ ಕೈ ಬಿದ್ದುಹೋಗಲಿ ಎಂದು ಅಲ್ಲೇ ಮಣ್ಣು ತೂರಿ ಶಾಪ ಹಾಕಿದಳು.

ಪಾಲಾಕ್ಷಪ್ಪ ಸೀದಾ ತಮ್ಮನ ಮನೆಗೆ ನಡೆದ. ರೇಣುಕಾ ಹಿಂದೆಯೇ ಹೋದಳು, ದಾರಿಯಲ್ಲಿ ಗುರುಬಸವರಾಜನೂ ಕೂಡಿಕೊಂಡ.

"ನೀರು ಕೊಡ್ಲಿಲ್ಲ, ಸುಮ್ನಿದ್ದೆ. ಈಗ ಕುರಿ ಬಿಡಿಸೀಯೇನು?"

"ನಮ್ಮವ್ವನ ಆಣಿ ಅಣ್ಣಾ, ನಾ ಅಲ್ಲ."

"ಅವ್ವನ್ನ ಯಾಕ ಎಳಿತಿ? ಮೋಟರ್ ಸುಟ್ಟೈತಂತ ಹೇಳಿದ ಬಾಯಿ ಅದು."

ಬೊಮ್ಮಪ್ಪ ಅಣ್ಣನ ಎದೆಗೆ ಕೈ ಹಾಕಿ ದೂಡಿದ. ಪಾಲಾಕ್ಷಪ್ಪ ಕಟ್ಟೆ ಹಿಡಿದುಕೊಂಡು ನಿಂತ. ನಾಗಲಿಂಗಮ್ಮ ಇಬ್ಬರ ನಡುವೆ ಬಂದು, "ಮೋಟರಿಂದು ಸುಳ್ಳು ಭಾವಾ, ಒಪ್ತೀನಿ. ಕುರೀದು ನಮಗ ಗೊತ್ತಿಲ್ಲ" ಎಂದು ಗಂಡನನ್ನು ಒಳಗೆ ದಬ್ಬಿದಳು. ಗುರುಬಸವರಾಜ ಅಪ್ಪನ ತೋಳು ಹಿಡಿದು ಮನೆಗೆ ಕರೆತಂದ.

ಮಧ್ಯಾಹ್ನ ನಾಲ್ವರೂ ಉಣ್ಣುತ್ತಿದ್ದಾಗ ಕುರಿಗಾರ ಜೋಗಪ್ಪ ಬಾಗಿಲಿಗೆ ಬಂದ. ಹಟ್ಟಿಯ ಆಚೆ ಅರವತ್ತು ಕುರಿಯ ಮಂದೆ ಅವನದು. ಕಂಬಳಿ ಹೆಗಲ ಮೇಲೆ, ಮುಖ ಇಳಿದಿತ್ತು.

"ಬಾ ಜೋಗಪ್ಪ, ಊಟ ಮಾಡು" ಎಂದಳು ಸುಂಕಮ್ಮ.

"ಊಟ ಬ್ಯಾಡವ್ವ. ನಿನ್ನಿ ಸಂಜಿ ನನ್ನವು ಎಲ್ಡು ಕುರಿ ಸತ್ವು. ಹೊಟ್ಟಿ ಉಬ್ಬಿ, ಬಾಯಾಗ ನೊರಿ ಬಂದು. ಅದರ ಮಾತು ಆಡಾಕ ಬಂದೆ."

"ನಮ್ಮ ಹತ್ರ ಯಾಕಪ್ಪ?"

ಜೋಗಪ್ಪ ಗುರುಬಸವರಾಜನ ಕಡೆ ನೋಡಿದ. ಅವನು ತಟ್ಟೆ ನೋಡುತ್ತಿದ್ದ.

"ಹೇಳಪ್ಪ ಗುರುಬಸಣ್ಣ. ನೀನೇ ಹೇಳು. ಎಳೀ ಜೋಳ ಕುರಿಗೆ ವಿಷ, ಒಲ್ಲೆ ಅಂತ ನಾ ಅಂದೆ. ಎದಿಮಟ ಬಂದೈತಿ, ಏನೂ ಆಗಂಗಿಲ್ಲ, ಅಪ್ಪಂದೇ ಒಪ್ಪಿಗಿ ಐತಿ ಅಂತ ನೀ ಅಂದಿ. ಮುಳ್ಳು ತಗದವನೂ ನೀನೇ."

ಪಾಲಾಕ್ಷಪ್ಪ ತುತ್ತು ನುಂಗಿ, ನೀರು ಕುಡಿದು, ಮಗನನ್ನಲ್ಲ, ಜೋಗಪ್ಪನನ್ನು ನೋಡಿ ಹೇಳಿದ.

"ನೀರಿಲ್ದ ಬಾಡಿದ ಜೋಳ ಅದು. ಎದಿಮಟ ಇದ್ರೂ ವಿಷಾನ. ನನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ದೆ."

"ಕೇಳಬೇಕಿತ್ತು ಅಣ್ಣಾ. ತಪ್ಪಾತು."

"ನಿಂದಲ್ಲ."

ಎದ್ದು ಹಿತ್ತಲಿಗೆ ಹೋದ. ಅಲ್ಲಿ ಸುಂಕಮ್ಮ ಸಾಕಿದ ಮೂರು ಕುರಿಗಳಿದ್ದವು. ಯುಗಾದಿಗೆ ಮಾರಿ ಮೊಮ್ಮಕ್ಕಳಿಗೆ ಕಿವಿಗೆ ಓಲೆ ಮಾಡಿಸಬೇಕೆಂದು ಮರಿಯಿದ್ದಾಗಿನಿಂದ ಸೊಪ್ಪು ತಂದು ತಿನ್ನಿಸಿದ್ದಳು. ಪಾಲಾಕ್ಷಪ್ಪ ಎರಡರ ಹಗ್ಗ ಬಿಚ್ಚಿ ಜೋಗಪ್ಪನ ಕೈಗೆ ಕೊಟ್ಟ. ಸುಂಕಮ್ಮ ಬೇಡ ಅನ್ನಲಿಲ್ಲ. ಜೋಗಪ್ಪ ಹೋದ ಮೇಲೆ ಒಳಗೆ ಬಂದು ಮಗನ ಮುಂದಿನ ತಟ್ಟೆ ಎತ್ತಿಕೊಂಡಳು.

"ಜೋಳ ಕುರಿ ತಿಂದ್ವು. ರೊಟ್ಟಿನೂ ಅವನ್ನೇ ಕೇಳು."

"ಯವ್ವಾ, ನಾ ಏನು ನನಗಂತ ಮಾಡಿದ್ನೇನು?" ಗುರುಬಸವರಾಜನ ದನಿ ಏರಿತು. "ಊರು ನಮ್ಮ ಮಾತು ಬಿಟ್ಟೈತಿ. ಚಿಗಪ್ಪ ನೀರು ಬಿಟ್ಟಿಲ್ಲ. ಅಪ್ಪಗ ಯಾರ್ ಹೇಳಬೇಕು? ಇಕಿ ನೋಡಿದ್ರ ಬೆಳಗಾದ್ರ ಕಂಪನಿ, ಮುಣುಗಿದ್ರ ಕಂಪನಿ."

ರೇಣುಕಾ ಎದ್ದು ನಿಂತಳು. "ಹೌದು, ನಾನೇ ಅಂದೆ. ಬಾಯಿಬಿಟ್ಟು ಹೇಳ್ರಿ ಅಂದೆ. ಕುರಿ ಬಿಡ್ರಿ ಅಂದ್ನೇನು? ಪೇಟ್ಯಾಗ ಆ ಸಾಹುಕಾರ ನನ್ನ ನಗಿಪಾಟಲು ಮಾಡಿದಾಗ ನೆಲ ನೋಡಿದ್ರಿ. ಅವನ ಮುಂದ ಬರದ ಧೈರ್ಯ ಹೆತ್ತಪ್ಪ ಊರಾಗಿಲ್ದಾಗ ಬಂತು. ಬೆಳಿಗ್ಗಿ ಚಿಗಪ್ಪ ಮಾವನ ಎದಿಗೆ ಕೈ ಹಾಕಿದ್ರೂ ಸುಮ್ನ ನಿಂತಿದ್ರಿ. ಆವಾಗಾರ ನಾ ಮಾಡಿದ್ದು ಅನ್ನಬೇಕಿತ್ತು."

ಗುರುಬಸವರಾಜ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ದಿನದಿಂದ ಸುಂಕಮ್ಮ ಮಗನಿಗೆ ಬಡಿಸಲಿಲ್ಲ. ಮುಚ್ಚಿಟ್ಟದ್ದನ್ನು ತಾನೇ ತೆಗೆದುಕೊಂಡು ಉಣ್ಣುತ್ತಿದ್ದ.

ನಾಲ್ಕು ದಿನದ ಮೇಲೆ ಪಾಲಾಕ್ಷಪ್ಪ ತಾನಾಗಿಯೇ, "ಆ ಹುಡುಗಗ ಫೋನ್ ಮಾಡು. ಸಹಿ ಹಾಕ್ತೀನಿ" ಅಂದ.

"ಬ್ಯಾಡ ಮಾವಾ" ಎಂದಳು ರೇಣುಕಾ. "ಹಿಂಗಾಗಿ ಬಂದಿದ್ದು ನನಗ ಬ್ಯಾಡ."

"ಇನ್ನ ಯಾಕ ಬ್ಯಾಡ? ನಿಂತಿದ್ದು ಹೋತು. ಹತ್ತು ಮನಿಯವ್ರು ಬಿತ್ತಿಗಿ ಕಾದು ಕುಂತಾರ. ಪೇಟ್ಯಾಗ ನಿನಗಾಗಿದ್ದು ಅವ್ರಿಗೂ ಆಗೈತಿ. ಸುಮ್ನ ನಾ ಯಾಕ ಅಡ್ಡ?"

ಮತ್ತೆ ಬೇವಿನ ಕೆಳಗೆ ಸೇರಿದರು. ಬೀರಲಿಂಗೇಶ್ ಹನ್ನೊಂದು ಕಾಗದ ಹರಡಿದ. ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಅಚ್ಚಾದ ನಾಲ್ಕು ನಾಲ್ಕು ಹಾಳೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಒಬ್ಬೊಬ್ಬರೇ ಸಹಿ ಮಾಡಿದರು. ಬೊಮ್ಮಪ್ಪ ಓದದೆಯೇ ಗೀಚಿದ. ಹತ್ತು ಮುಗಿದು ಪೆನ್ನು ಪಾಲಾಕ್ಷಪ್ಪನ ಕೈಗೆ ಬಂತು.

"ದರ ಎಲ್ಲೈತ್ರಿ?" ಬಾಗಿಲ ಪಕ್ಕದಿಂದ ರೇಣುಕಾ ಕೇಳಿದಳು.

"ಹೋದ ವರ್ಷ ಐದು ಸಾವಿರದ ಆರುನೂರು ಕೊಟ್ಟೀವಲ್ಲಕ್ಕಾ."

"ಕೊಟ್ಟಿದ್ದಲ್ಲ. ಇದರಾಗ ಎಲ್ಲಿ ಬರದೈತಿ?"

ಕಟ್ಟೆಯ ಹತ್ತಿರ ಬಂದು ಕಾಗದ ತೆಗೆದುಕೊಂಡಳು. ಕೊಟ್ಟೂರಿನಲ್ಲಿ ಪಿಯುಸಿವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಎರಡನೆಯ ಹಾಳೆಯಲ್ಲಿ ಬೀರಲಿಂಗೇಶ್ ಬೆರಳಿಟ್ಟು ತೋರಿಸಿದ ಸಾಲಿನಲ್ಲಿ ಅಂಕಿ ಇರಲಿಲ್ಲ. ಕಂಪನಿ ಆಗಾಗ ಗೊತ್ತುಮಾಡುವ ದರ ಎಂದಿತ್ತು.

"ಅಂದ್ರ ಆ ದಿನ ಕಂಪನಿ ಬಾಯಿಗೆ ಬಂದಿದ್ದು ದರ. ದಲಾಲಿನೂ ಅದನ್ನೇ ಮಾಡ್ತಾನ. ಅವನು ಕಾಗದ ಬರಸ್ಕೊಳ್ಳಂಗಿಲ್ಲ, ಅಷ್ಟ ಫರಕು."

"ಏ ರೇಣುಕಾ" ಎಂದ ಬೊಮ್ಮಪ್ಪ. "ಕಂಪನಿ ಬರ್ಲಿ ಅಂತ ಮನಿಮನಿ ಅಡ್ಡಾಡಿದಾಕಿ ನೀನು. ಈಗ ನೀನೇ ಅಡ್ಡ ಮಲಗ್ತಿ. ನಿಮ್ಮ ಮನ್ಯಾಗ ಗಂಡಸ್ರು ಮಾತಾಡಂಗಿಲ್ಲೇನು?"

ಗುರುಬಸವರಾಜ ಗುಂಪಿನ ಹಿಂದೆ ನಿಂತಿದ್ದ. ಪಾಲಾಕ್ಷಪ್ಪ ಪೆನ್ನಿನ ಮುಚ್ಚಳ ಹಾಕಿ ಕಟ್ಟೆಯ ಮೇಲಿಟ್ಟ.

"ನಾ ಮಾತಾಡ್ತೀನಿ. ಹನ್ನೊಂದೂ ಆಗಬೇಕು, ಒಂದು ಕಮ್ಮಿ ಆದ್ರೂ ಇಲ್ಲ ಅಂದಿದ್ರಿ. ಹನ್ನೊಂದನೇದು ನಂದು. ಆಕಿ ಕೇಳಿದ್ದನ್ನ ಬರೀರಿ. ಆಮ್ಯಾಲೆ ಸಹಿ."

"ಬೆರಕಿ ಗಿಡ ಕೀಳೋರು ನಾವು" ಎಂದು ನಾಗಲಿಂಗಮ್ಮ ಬಾಗಿಲಿನಿಂದ ಸೇರಿಸಿದಳು. "ದರ ಬರೀದಿದ್ರ ಹೊಲಕ್ಕ ಇಳಿಯಂಗಿಲ್ಲ ನೋಡ್ರಿ."

ಬೀರಲಿಂಗೇಶ್ ಫೋನು ಹಿಡಿದು ಬೈಕಿನ ಹತ್ತಿರ ಹೋದ, ಬಂದ, ಮತ್ತೆ ಹೋದ. ಬಿತ್ತನೆಯ ದಿನ ದಾಟುತ್ತಿರುವುದು ಕಂಪನಿಗೂ ಗೊತ್ತಿತ್ತು. ಮೂರನೆಯ ಸಲಕ್ಕೆ ಬಂದವನು ಪ್ರತಿ ಕಾಗದದ ಹಿಂದೆ ಕನ್ನಡದಲ್ಲಿ ಬರೆದ: ಕ್ವಿಂಟಲಿಗೆ ಐದು ಸಾವಿರದ ಆರುನೂರು ರೂಪಾಯಿ, ಹೊಲದಲ್ಲೇ ತೂಕ. ಕೆಳಗೆ ಸಹಿ ಹಾಕಿ ಮುದ್ರೆ ಒತ್ತಿದ. ಮೊಳಕೆ ಪರೀಕ್ಷೆಯಲ್ಲಿ ಬೀಜ ಬಿದ್ದುಹೋದರೆ ಏನು ಎಂದು ರೇಣುಕಾ ಇನ್ನೊಂದು ಪ್ರಶ್ನೆ ಎತ್ತಿದಳು. "ಅದು ನನ್ನ ಕೈಯಾಗಿಲ್ಲಕ್ಕಾ, ಅದು ಆಫೀಸಿಂದು" ಅಂದ. ಅಷ್ಟರಲ್ಲಿ ಗಂಡಸರು ಎದ್ದು ಅಂಗಿ ಝಾಡಿಸುತ್ತಿದ್ದರು. ಪಾಲಾಕ್ಷಪ್ಪ ಸಹಿ ಹಾಕಿದ. ಹೊಸಹಳ್ಳಿಗೆ ಹೋಗಿ ಹನ್ನೊಂದು ಜೆರಾಕ್ಸ್ ತರುವವರೆಗೆ ಮಾತ್ರ ರೇಣುಕಾ ಬೀರಲಿಂಗೇಶನನ್ನು ಬಿಡಲಿಲ್ಲ. ತಂದು ಮನೆಮನೆಗೆ ಕೊಟ್ಟ ಮೇಲೆಯೇ ಅವನನ್ನು ಕಳಿಸಿದಳು.

ನಾಲ್ಕು ಎಕರೆಗೆ ಕಂಪನಿಯ ಬೀಜ ಬಿತ್ತು. ಬೊಮ್ಮಪ್ಪನ ಮೋಟರು ಸರಿಯಾಯಿತು. ನಳದ ಹತ್ತಿರ ಮಾತು ಮತ್ತೆ ಶುರುವಾಯಿತು. ರೊಟ್ಟಿಗೆ ಜೋಳವನ್ನು ಕಿರಾಣಿ ಅಂಗಡಿಯಿಂದ ತಂದರು. ಅದರ ಹಿಟ್ಟಿಗೆ ಜಿಗುಟಿರಲಿಲ್ಲ, ಬಡಿದರೆ ಅಂಚು ಹರಿಯುತ್ತಿತ್ತು. ಸುಂಕಮ್ಮ ಹರಿದ ರೊಟ್ಟಿಯನ್ನೇ ಬೇಯಿಸಿ ಮೊಮ್ಮಕ್ಕಳಿಗೆ ಕಟ್ಟಿದಳು. ಅರ್ಧ ಎಕರೆಯ ಕಡೆ ಯಾರೂ ಹೋಗಲಿಲ್ಲ.

ನವೆಂಬರಿನ ಕೊನೆಗೆ ಎಲ್ಲೋ ಸಮುದ್ರದಲ್ಲಿ ಎದ್ದ ಗಾಳಿಗೆ ಇಲ್ಲಿ ಮೂರು ದಿನ ಮಳೆ ಹಿಡಿಯಿತು. ಡಿಸೆಂಬರಿನ ನಡುವೆ ಬೆಳೆ ನೋಡಲು ಬಂದ ಬೀರಲಿಂಗೇಶ್ ಹಳ್ಳದ ಕಡೆಯಿಂದ ಓಡುತ್ತ ಬಂದು ಮನೆಯವರನ್ನೆಲ್ಲ ಹೊಲಕ್ಕೆ ಕರೆದ. ಕುರಿ ಬಿಟ್ಟ ಮೋಟುಗಳೆಲ್ಲ ಚಿಗುರಿದ್ದವು. ಒಂದೊಂದು ಬುಡಕ್ಕೆ ಮೂರು, ನಾಲ್ಕು ಮರಿ, ತೊಡೆಯೆತ್ತರ, ಕಪ್ಪು ಹಸಿರು.

"ಇವು ಸಂಕ್ರಾಂತಿ ಮ್ಯಾಲೆ ಹೂವಾಡ್ತಾವ್ರಿ. ಸರಿಯಾಗಿ ನಮ್ಮ ಹೆಣ್ಣು ಸಾಲಿನ ಜೊತಿಗೇ. ಇವತ್ತೇ ಕೀಳಬೇಕು. ಇಲ್ಲಾಂದ್ರ ಹನ್ನೊಂದು ಮನಿದೂ ಹೋತು."

ಪಾಲಾಕ್ಷಪ್ಪ ಬದುವಿನ ಮೇಲೆ ನಿಂತು ಒಂದು ಎಲೆಯನ್ನು ಬೆರಳಲ್ಲಿ ಸವರಿದ. "ಕುರಿ ಬಿ‌ಡದಿದ್ರ ಇದು ಇಷ್ಟೊತ್ತಿಗೆ ಹೂ ಮುಗಿಸಿ ಕಾಳು ಹಿಡಿತಿತ್ತು. ಯಾರಿಗೂ ಏನೂ ಆಗ್ತಿದ್ದಿಲ್ಲ" ಅಂದ. ಬೀರಲಿಂಗೇಶ್ ಫೋನಿನಲ್ಲಿ ಫೋಟೋ ತೆಗೆದುಕೊಂಡ.

ರೇಣುಕಾ ಮನೆಯಿಂದ ತಂದಿದ್ದ ಕುಡುಗೋಲನ್ನು ಗಂಡನ ಮುಂದೆ ಹಿಡಿದಳು. "ಇಳೀರಿ."

ಅವನು ತೆಗೆದುಕೊಂಡು ಹೊಲಕ್ಕಿಳಿದ.

"ನೀವೂ ಹಿಡೀರಲ್ಲಕ್ಕಾ, ಲಗೂ ಮುಗೀತೈತಿ" ಅಂದ ಬೀರಲಿಂಗೇಶ್.

"ಬಿತ್ತಾಕ ನಾ ಇದ್ದೆ. ಕೀಳಾಕ ಅವ್ರೊಬ್ರೇ ಸಾಕು."

ಗುರುಬಸವರಾಜ ಬಾಗಿ ಒಂದು ಗಿಡ ಹಿಡಿದು ಜಗ್ಗಿದ. ಮರಿಗಳು ಕೈಗೆ ಕಿತ್ತು ಬಂದವು, ಬುಡ ನೆಲದಲ್ಲೇ ಉಳಿಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಕೈ ಹಾಕಿದಾಗ ಪಾಲಾಕ್ಷಪ್ಪ ಬದುವಿನಿಂದ ಇಳಿದು ಬಂದ. ಮಗನ ಜೊತೆ ಅವನು ಮಾತಾಡಿ ಒಂದೂವರೆ ತಿಂಗಳಾಗಿತ್ತು. ಮಗನ ಕೈಯಿಂದ ಕುಡುಗೋಲು ತೆಗೆದುಕೊಂಡು, ಕುಕ್ಕರಗಾಲಲ್ಲಿ ಕೂತು, ಬುಡದ ಸುತ್ತ ಮಣ್ಣು ಸಡಿಲ ಮಾಡಿ, ಬೇರು ಸಮೇತ ಮೇಲೆತ್ತಿದ. ಮಣ್ಣು ಝಾಡಿಸಿದ.

"ಹಿಂಗ ಕೀಳು" ಅಂದ. "ಬೇರು ಉಳಿದ್ರ ಮತ್ತ ಚಿಗೀತೈತಿ."

ಕುಡುಗೋಲು ತಿರುಗಿ ಕೊಟ್ಟು, ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯ ದಾರಿ ಹಿಡಿದ. ರೇಣುಕಾ ಮಾತ್ರ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅರ್ಧ ಎಕರೆಯ ಕೊನೆಯ ಬುಡ ಮೇಲೆ ಬರುವವರೆಗೆ ಬದುವಿನ ಮೇಲೆ ನಿಂತೇ ಇದ್ದಳು.